ಮಾವ ಕುಡಿದ ಮೂರು ಗುಟುಕು

ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಈ ಗಾದೆ ಕಟ್ಟಿದ ಪುಣ್ಯಾತ್ಮ ಯಾರೇ ಆಗಿರಲಿ, ನಾಲ್ಕು ಜನರನ್ನು ಕಟ್ಟಿಕೊಂಡು ಬೆಟ್ಟದಲ್ಲಿ ನೀರು ಹುಡುಕಿಕೊಂಡು ಹೋದವನಂತೂ ಅಲ್ಲ. ಹೋಗಿದ್ದರೆ ಗಾದೆಯನ್ನು ತಿರುಗಿಸಿ ಕಟ್ಟುತ್ತಿದ್ದ. ನನ್ನ ಹೆಸರು ಫ್ರೇಜ್. ಸಿನಾಯ್‌ನಲ್ಲಿ ನಮ್ಮ ಕ್ಯಾಥರೀನ್ ಊರಿನ ಸುತ್ತಲ ಬೆಟ್ಟಗಳಲ್ಲಿ ಬೆನ್ನಿಗೆ ಚೀಲ ಹೊತ್ತು ಅಲೆಯಲು ಬರುವವರಿಗೆ ದಾರಿ ತೋರಿಸುವುದು ನನ್ನ ಕಸುಬು. ದಾರಿ ತೋರಿಸುವುದು ಅಂತ ಬಾಯಿಮಾತಿಗೆ ಹೇಳುತ್ತೇವೆ ಅಷ್ಟೆ. ದಾರಿಯನ್ನು ಕತ್ತೆಯೂ ತೋರಿಸುತ್ತದೆ. ನಮ್ಮ ಕೆಲಸ ನೀರು ತೋರಿಸುವುದು.

ಈ ಕಸುಬನ್ನು ನನಗೆ ಕಲಿಸಿದವರು ನನ್ನ ಹೆಂಡತಿ ಸಬ್ಹಾಳ ಅಪ್ಪ, ಅತ್ವಾ ಮಾವ. ಜೇನುನೊಣ ಬೆಳಿಗ್ಗೆ ಯಾವ ಕಡೆ ಹಾರುತ್ತದೆ, ಬಂಡೆಯ ಸೀಳಿನಲ್ಲಿ ಕಾಡಂಜೂರ ಎಲ್ಲಿ ಚಿಗುರಿದೆ, ಅದನ್ನೆಲ್ಲ ಅವರಿಂದಲೇ ಕಲಿತೆ. ಒಣಗಿದ ಹಳ್ಳ ಎಲ್ಲಿ ಬಾಗುತ್ತದೋ ಅಲ್ಲಿ ಹೊರಮಗ್ಗುಲಿನಲ್ಲಿ ಮೊಣಕೈಯುದ್ದ ಮರಳು ತೆಗೆದು ಒರತೆ ಮಾಡಬೇಕು. ಮೊದಲೆರಡು ಸಲ ಊರಿದ ನೀರನ್ನು ಚೆಲ್ಲಬೇಕು, ಮೂರನೆಯ ಸಲದ್ದನ್ನು ತಲೆವಸ್ತ್ರದಲ್ಲಿ ಸೋಸಿ ಕುಡಿಯಬೇಕು. ಇಷ್ಟನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. ಮಾವ ಹೇಳುತ್ತಿದ್ದರು, ಮಗಳನ್ನು ಕೊಡುವ ಮೊದಲೇ ನಿನ್ನನ್ನು ಒರತೆ ತೋಡಲು ಹಚ್ಚಬೇಕಿತ್ತು, ಆಗ ಮದುವೆಯೇ ನಡೆಯುತ್ತಿರಲಿಲ್ಲ ಅಂತ.

ಆದರೆ ಮಾವನ ನಿಜವಾದ ವಿದ್ಯೆ ಇದ್ದದ್ದು ಮೂಗಿನಲ್ಲಿ. ಬಟ್ಟಲಿನ ನೀರನ್ನು ಮುಖದ ಹತ್ತಿರ ತಂದು ಕಣ್ಣು ಮುಚ್ಚಿದರೆ ಸಾಕು, ಮಳೆ ಬಿದ್ದು ಎಷ್ಟು ದಿನವಾಯಿತು, ಮೇಕೆ ಬಾಯಿ ಹಾಕಿದೆಯೋ ಇಲ್ಲವೋ ಎಲ್ಲ ಹೇಳಿಬಿಡುತ್ತಿದ್ದರು. ನಿನ್ನೆ ಒಂದು ಹೆಣ್ಣು ಮೇಕೆ ಬಂದಿತ್ತು ಅಂದರೆ, ಅದರ ಹೆಸರನ್ನೂ ಹೇಳಿಬಿಡಿ ಮಾವ ಅಂತ ನಾನು ಚುಡಾಯಿಸುತ್ತಿದ್ದೆ.

ನಮ್ಮಲ್ಲಿ ಒಂದು ನಡವಳಿಕೆ ಇದೆ. ನೀರು ಸಿಕ್ಕಿದಾಗ ಗುಂಪಿನ ಹಿರಿಯ ಮೊದಲು ಕುಡಿಯಬೇಕು. ಮೂರು ಗುಟುಕು ಕುಡಿದು, ಮೀಸೆ ಒರೆಸಿಕೊಂಡು, 'ಸಿಹಿ' ಅನ್ನಬೇಕು. ಅವನು ಸಿಹಿ ಅಂದ ಮೇಲೆ ಮುಗಿಯಿತು. ಆಮೇಲೆ ಆ ನೀರನ್ನು ಮೂಸಿ ನೋಡುವುದು, ಅದಕ್ಕೆ ಔಷಧಿ ಹಾಕುವುದು, ಎಲ್ಲಾ ಅವನ ಮುಖಕ್ಕೆ ಸುಳ್ಳುಗಾರ ಅಂದ ಹಾಗೆ. ಸಿಹಿ ಅನ್ನಲು ಮನಸ್ಸಿಲ್ಲದಿದ್ದರೆ ಬಟ್ಟಲನ್ನು ನೆಲಕ್ಕೆ ಬಗ್ಗಿಸಿ ಎದ್ದು ನಡೆಯುತ್ತಾನೆ. ಯಾರೂ ಯಾಕೆ ಅಂತ ಕೇಳುವುದಿಲ್ಲ.

ಹೀಗಿದ್ದ ಮಾವನಿಗೆ ಒಂದು ಚಳಿಗಾಲದಲ್ಲಿ ಜ್ವರ ಬಂತು. ಹದಿನೈದು ದಿನ ಮಲಗಿ ಎದ್ದರು. ಎದ್ದ ಮೇಲೆ ಮೊದಲ ಸಲ ಕಾಫಿ ಬೀಜ ಹುರಿಯಲು ಕೂತರು. ಬೀಜ ಕರಕಲಾಗಿ ಮನೆತುಂಬ ಹೊಗೆಯಾದರೂ ಬಾಣಲೆ ಇಳಿಸಲಿಲ್ಲ. ಅತಿಥಿಗಳು ಆ ಕಹಿ ಕಾಫಿಯನ್ನು ಕುಡಿದು ದೇವರು ನಿಮ್ಮ ಕೈ ತಂಪಾಗಿಡಲಿ ಅಂತ ಹರಸಿ ಎದ್ದುಹೋದರು. ಸಬ್ಹಾ ಒಳಗೆ ಬಾಯಿಗೆ ತಲೆವಸ್ತ್ರದ ಅಂಚು ಹಿಡಿದು ಅಳುತ್ತಿದ್ದಳು. ಅಪ್ಪನ ಮೂಗು ಹೋಗಿದೆ, ಅಂದಳು. ವಾಸನೆ ಕಾಣದ ಹಿರಿಯನನ್ನು ಬೆಟ್ಟಕ್ಕೆ ಯಾರು ಕಳಿಸುತ್ತಾರೆ? ಬೆಟ್ಟಕ್ಕೆ ಹೋಗದಿದ್ದರೆ ಆ ಮನುಷ್ಯ ಆರು ತಿಂಗಳೂ ಉಳಿಯುವುದಿಲ್ಲ ಅಂತ ಅವಳ ಹೆದರಿಕೆ.

ಗಂಡ ಹೆಂಡತಿ ಕೂತು ಒಂದು ಉಪಾಯ ಮಾಡಿದೆವು. ಮಾವ ಹೋದಲ್ಲೆಲ್ಲ ನಾನೂ ಹೋಗುವುದು. ನೀರು ಹತ್ತಿರವಾಗುತ್ತಿದ್ದಂತೆ ಮುಂದೆ ಓಡಿ ಮೂಸಿ ನೋಡುವುದು. ಚೆನ್ನಾಗಿದ್ದರೆ ಸುಮ್ಮನಿರುವುದು. ಕೆಟ್ಟಿದ್ದರೆ, ಅವರು ಬಟ್ಟಲಿಗೆ ಕೈ ಹಾಕುವ ಮೊದಲೇ ಏನಾದರೂ ನೆಪ ಹೇಳುವುದು. ಇಲ್ಲಿ ನೆರಳಿಲ್ಲ ಮಾವ, ಇನ್ನೊಂದು ದೊಣೆಗೆ ಹೋಗೋಣ ಮಾವ, ಹೀಗೆ. ಮಾವನಿಗೆ ಇದು ತಿಳಿಯಬಾರದು. ತಿಳಿದರೆ ಮಾನ ಹೋಗುತ್ತದೆ. ಎರಡು ವರ್ಷ ಹೀಗೇ ನಡೆಯಿತು. ಕೆಟ್ಟ ನೀರು ಸಿಕ್ಕಿದ್ದು ಮೂರೇ ಸಲ, ಮೂರು ಸಲವೂ ನನ್ನ ನೆಪಕ್ಕೆ ಮಾವ ಮರುಮಾತಾಡದೆ ಎದ್ದು ಬಂದರು. ನಾನೂ ಸಬ್ಹಾಳೂ ನಮ್ಮ ಜಾಣತನಕ್ಕೆ ನಾವೇ ಬೆನ್ನು ತಟ್ಟಿಕೊಂಡೆವು.

ಆ ಏಪ್ರಿಲ್‌ನಲ್ಲಿ ಮಾವನ ಪಾಳಿಗೆ ಬಂದವರು ಮನ್ಸೂರಾ ಊರಿನ ಗಂಡ ಹೆಂಡತಿ. ನಮ್ಮೂರಲ್ಲಿ ಬೆಟ್ಟಕ್ಕೆ ಬರುವವರನ್ನು ದಾರಿಗಾರರ ಮನೆಗಳಿಗೆ ಪಾಳಿಯ ಮೇಲೆ ಹಂಚುತ್ತಾರೆ. ಗಂಡ ತಾಮೆರ್, ಶಾಲೆಯಲ್ಲಿ ಚಿತ್ರ ಬರೆಯುವುದನ್ನು ಕಲಿಸುವ ಮೇಷ್ಟ್ರು. ಹೆಂಡತಿ ನಿಹಾಲ್‌ಗೆ ಸ್ವಂತ ಔಷಧಿ ಅಂಗಡಿ ಇತ್ತು. ಐದು ದಿನದ ನಡಿಗೆ. ಅವಳ ಚೀಲದಲ್ಲಿ ನೀರು ಶುದ್ಧ ಮಾಡುವ ಕೈಪಂಪು, ಕ್ಲೋರಿನ್ ಮಾತ್ರೆ, ಮಾತ್ರೆ ಹಾಕಿದ ಮೇಲೆ ಅರ್ಧ ಗಂಟೆ ಅಳೆಯುವುದಕ್ಕೊಂದು ಗಡಿಯಾರ, ಎಲ್ಲ ಇತ್ತು. ಮೊದಲ ದಿನ ಮಾವ ಒರತೆ ತೋಡಿ, ಕುಡಿದು, ಸಿಹಿ ಅಂದರು. ನಿಹಾಲ್ ಪಂಪು ತೆಗೆದು ಒತ್ತಲು ಕೂತಳು. ಮಾವ ದೂರ ಹೋಗಿ ಬೆನ್ನು ತಿರುಗಿಸಿ ಕೂತರು.

ಅವಳು ಸೂಕ್ಷ್ಮದ ಹೆಂಗಸು. ಸಂಜೆ ನನ್ನ ಹತ್ತಿರ ಬಂದು ನಿಮ್ಮ ಮಾವನಿಗೆ ಬೇಜಾರಾಯಿತಾ ಅಂತ ಕೇಳಿದಳು. ನಾನು ನಮ್ಮ ನಡವಳಿಕೆ ಹೇಳಿದೆ. ಮಾರನೆಯ ದಿನದಿಂದ ಪಂಪು ಚೀಲದ ತಳ ಸೇರಿತು. ಮಾವ ಸಿಹಿ ಅಂದರೆ ಅವಳೂ ಬಟ್ಟಲು ಎತ್ತಿ ಹಾಗೇ ಕುಡಿದಳು. ಮಾವನಿಗೆ ಅವಳ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಬೂದಿಯಲ್ಲಿ ಸುಟ್ಟ ರೊಟ್ಟಿಯ ಮೊದಲ ತುಂಡು ಅವಳಿಗೇ. ಅವಳ ಮಾತ್ರೆಯನ್ನು ಕೈಯಲ್ಲಿ ಹಿಡಿದು ನೋಡಿ, ಇಷ್ಟು ಚಿಕ್ಕದು ಇಡೀ ಕೊಡ ನೀರನ್ನು ಕಾಯುತ್ತದಾ, ನಮ್ಮಳಿಯ ಇಷ್ಟು ಉದ್ದ ಇದ್ದಾನೆ, ಒಂದು ಮೇಕೆ ಕಾಯಲಾರ, ಅಂತ ನಗಿಸಿದರು. ಪಂಪಿನ ವಿಷಯ ನಾನು ಹೇಳದೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಈಗ ಅನ್ನಿಸುತ್ತದೆ. ಮಾತಾಡಬಾರದ ಕಡೆ ಮಾತಾಡಿದೆ, ಆಡಬೇಕಾದ ಕಡೆ ಬಾಯಿಗೆ ಬೀಗ ಹಾಕಿಕೊಂಡೆ. ನನ್ನ ಹಣೆಬರಹವೇ ಇಷ್ಟು.

ಮೂರನೆಯ ದಿನ ಮಧ್ಯಾಹ್ನ ನಾವು ಉಮ್ ಹಮಾಮ ದೊಣೆಗೆ ಹೋಗಬೇಕಿತ್ತು. ಎತ್ತರದ ಬಂಡೆಯ ಮೇಲೆ ಮಳೆನೀರು ನಿಲ್ಲುವ ಆಳವಾದ ದೊಣೆ ಅದು. ಒಂದು ಬದಿಯಲ್ಲಿ ಬಂಡೆ ಚಾಚಿಕೊಂಡು ಅದರಡಿ ಕತ್ತಲೆ. ದಾರಿಯಲ್ಲಿ ತಾಮೆರ್‌ನ ಬೂಟಿನ ಅಟ್ಟೆ ಕಿತ್ತುಬಂತು. ಅದನ್ನು ಹುರಿಯಿಂದ ಬಿಗಿದು ಕಟ್ಟಲು ನಾನು ಅವನ ಜೊತೆ ನಿಂತೆ. ಮಾವನೂ ನಿಹಾಲಳೂ ಮುಂದೆ ಹೋದರು. ನಿಧಾನಕ್ಕೆ ನಡೀರಿ ಮಾವ ಅಂತ ಕೂಗಿದೆ. ಆ ಹೊತ್ತಿಗೆ ಅವರು ತಿರುವು ದಾಟಿದ್ದರು. ಬೂಟು ಕಟ್ಟುವ ಆತುರದಲ್ಲಿ ಗಂಟು ಎರಡು ಸಲ ಬಿಚ್ಚಿಕೊಂಡಿತು.

ನಾನು ಏದುಸಿರು ಬಿಡುತ್ತಾ ಮೇಲೆ ಹತ್ತಿದಾಗ ಮಾವ ದೊಣೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಬಟ್ಟಲು ಕೈಯಲ್ಲಿತ್ತು. ಮೀಸೆ ಒದ್ದೆಯಾಗಿತ್ತು. ಕುಡಿದುಬಿಟ್ಟಿದ್ದಾರೆ ಅಂತ ನೋಡಿದ ತಕ್ಷಣ ತಿಳಿಯಿತು. ನಿಹಾಲ್ ಎದುರಿಗೆ ಖಾಲಿ ಬಾಟಲಿ ಹಿಡಿದು ಅವರ ಮಾತಿಗೆ ಕಾಯುತ್ತಿದ್ದಳು. ನಾನು ಬಗ್ಗಿದೆ. ಸಣ್ಣಗೆ, ಸಿಹಿಸಿಹಿಯಾಗಿ, ಕೊಳೆತ ಮಾಂಸದ ವಾಸನೆ. ಗಾಳಿ ಆ ಕಡೆಯಿಂದ ಬೀಸಿದಾಗ ಬರುತ್ತಿತ್ತು, ನಿಂತಾಗ ಹೋಗುತ್ತಿತ್ತು.

ಮಾವ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ, ಅವರ ಆಯುಷ್ಯದಲ್ಲಿ ನೀರಿನ ಹತ್ತಿರ ಯಾರನ್ನೂ ಕೇಳದ ಮಾತನ್ನು ಕೇಳಿದರು.

"ಏನಪ್ಪಾ ಅಳಿಯ, ಇಲ್ಲೇ ತುಂಬಿಸ್ಕೊಳ್ಳೋಣವಾ, ಮುಂದಕ್ಕೆ ಹೋಗೋಣವಾ?"

ನಾನು ಏನು ಹೇಳಬೇಕಿತ್ತು ಅನ್ನುವುದು ಈ ಕಥೆ ಕೇಳಿದ ಮಗುವಿಗೂ ಗೊತ್ತಾಗುತ್ತದೆ. ಮುಂದಕ್ಕೆ ಹೋಗೋಣ, ಎರಡೇ ಮಾತು. ಆದರೆ ಮಾವ ಆಗಲೇ ಕುಡಿದಾಗಿದೆ. ಈಗ ನಾನು ಬೇಡ ಅಂದರೆ ಪರವೂರಿನ ಹೆಂಗಸಿನ ಎದುರು, ಈ ಮುದುಕ ಕೊಳೆತ ನೀರು ಕುಡಿದೂ ತಿಳಿಯದೆ ಕೂತಿದ್ದಾನೆ ಅಂದ ಹಾಗಾಗುತ್ತದೆ. ಎರಡು ವರ್ಷ ಮುಚ್ಚಿಟ್ಟದ್ದು ಒಂದು ಮಾತಿಗೆ ಬಯಲಾಗುತ್ತದೆ.

"ನೀವು ಕುಡಿದಿದ್ದೀರಲ್ಲ ಮಾವ," ಅಂದೆ. "ನಿಮ್ಮ ಮಾತಿನ ಮೇಲೆ ನಂದೇನಿದೆ."

ಮಾವ ಇನ್ನೂ ಒಂದು ಕ್ಷಣ ನನ್ನನ್ನು ನೋಡಿದರು. ಬಿಸಿಲಿಗೆ ಸುಸ್ತಾಗಿದ್ದಾರೆ ಅಂದುಕೊಂಡೆ. ಆಮೇಲೆ ಮೀಸೆ ಒರೆಸಿಕೊಂಡು, ಸಿಹಿ ಅಂದರು.

ನಿಹಾಲ್ ಬಾಟಲಿಗಳನ್ನು ತುಂಬಿಸಿದಳು. ತುಂಬಿಸುತ್ತಾ ಅವಳ ಮೂಗಿನ ಹೊಳ್ಳೆ ಅರಳಿದ್ದನ್ನು ಕಂಡೆ. ಔಷಧಿ ಅಂಗಡಿಯವಳು, ಅವಳಿಗೆ ಮೂಗಿಲ್ಲವೇ? ಮಾವ ಆ ಕಡೆ ಹೋದಾಗ ನನ್ನ ಪಕ್ಕ ಬಂದು, ಪಿಸುದನಿಯಲ್ಲಿ, ಏನೋ ವಾಸನೆ ಅನ್ನಿಸುತ್ತಿಲ್ಲವಾ ಅಂತ ಕೇಳಿದಳು. ಅವಳ ಒಂದು ಕೈ ಚೀಲದೊಳಗೆ ಪಂಪಿನ ಮೇಲಿತ್ತು.

"ಪಾಚಿ ಅದು," ಅಂದೆ. "ಬಂಡೆ ಪಾಚಿ. ಏನೂ ಆಗಲ್ಲ."

ಅವಳು ಕೈ ಹೊರಗೆ ತೆಗೆದಳು. ಆ ಕೈ ಬರಿಗೈಯಾಗಿ ಹೊರಗೆ ಬಂದದ್ದು ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಮೌನವನ್ನಾದರೂ ಮರ್ಯಾದೆ ಅನ್ನಬಹುದು. ಇದಕ್ಕೆ ಏನು ಅನ್ನುವುದು? ನಾಲ್ಕು ಗಂಟೆಯ ದಾರಿ, ಸಂಜೆ ಹೊತ್ತಿಗೆ ಮಾವನ ತಮ್ಮನ ತೋಟ ಸಿಗುತ್ತದೆ, ಅಲ್ಲಿ ಬಾವಿ ಇದೆ, ಈ ನೀರನ್ನೆಲ್ಲ ಚೆಲ್ಲಿಬಿಡುತ್ತೇನೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವರ ಒಂದು ಬಾಟಲಿಯನ್ನು ಕೈತಪ್ಪಿದ ಹಾಗೆ ಮಾಡಿ ಬಂಡೆಯ ಮೇಲೆ ಚೆಲ್ಲಿಯೂ ಬಿಟ್ಟೆ. ಅಯ್ಯೋ ಪಾಪ, ಪರವಾಗಿಲ್ಲ ಬಿಡಿ, ಅಂತ ತಾಮೆರ್ ತನ್ನ ಬಾಟಲಿಯನ್ನು ನನಗೇ ಚಾಚಿದ. ನನಗೆ ಬಾಯಾರಿಕೆ ಇಲ್ಲ ಅಂದೆ. ಆ ಬಿಸಿಲಲ್ಲಿ, ಆ ಏರಿನಲ್ಲಿ, ಬಾಯಾರಿಕೆ ಇಲ್ಲ ಅಂದೆ. ಹರಿದ ಬೂಟಿನಲ್ಲಿ ಕುಂಟುತ್ತಾ ಅವನು ಆ ನೀರನ್ನು ಕೊನೆಯ ತೊಟ್ಟಿನವರೆಗೂ ಕುಡಿದ. ನಿಹಾಲ್ ಎರಡು ಗುಟುಕು ಕುಡಿದು ಬಾಟಲಿ ಮುಚ್ಚಿಟ್ಟಳು.

ರಾತ್ರಿ ಆ ತೋಟದಲ್ಲೇ ತಂಗಿದೆವು. ಬೆಳಗಾಗುವ ಹೊತ್ತಿಗೆ ತಾಮೆರ್‌ಗೆ ವಾಂತಿ ಭೇದಿ ಶುರುವಾಗಿತ್ತು. ಬಿಸಿಲೇರುವಷ್ಟರಲ್ಲಿ ನಿಲ್ಲಲು ಕಾಲಿನಲ್ಲಿ ಶಕ್ತಿ ಇರಲಿಲ್ಲ. ಕಾದಾರಿದ ನೀರಿಗೆ ಉಪ್ಪು ಸಕ್ಕರೆ ಕದಡಿ ಚಮಚದಲ್ಲಿ ಹನಿಸುತ್ತಾ ನಿಹಾಲ್ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮಾವನೂ ಬಾದಾಮಿ ಮರದ ಹಿಂದೆ ಹೋಗಿ ಬಂದು ಹೋಗಿ ಬಂದು ಮಾಡುತ್ತಿದ್ದರು. ಮುಖ ಬೂದಿಯಾಗಿತ್ತು. ಆದರೂ ಒಂಟೆ ತರಲು ಕೆಳಗೆ ಓಡಲು ಹೊರಟ ನನ್ನನ್ನು ತಡೆದು, ಹತ್ತಿರದ ದಾರಿ ಯಾವುದು ಅಂತ ಬೆರಳಿನಿಂದ ಮಣ್ಣಿನಲ್ಲಿ ಗೀಚಿ ತೋರಿಸಿದರು.

ಒಂಟೆಯ ಮೇಲೆ ಕಟ್ಟಿ ಇಳಿಸಿದೆವು. ಅಲ್ಲಿಂದ ಜೀಪಿನಲ್ಲಿ ಕಡಲತೀರದ ಆಸ್ಪತ್ರೆಗೆ ಎರಡು ಗಂಟೆ. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ, ಇನ್ನರ್ಧ ದಿನ ತಡವಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು. ಆರು ದಿನ ಡ್ರಿಪ್ ಹಾಕಿದರು. ಮನುಷ್ಯ ಉಳಿದ, ದೇವರು ದೊಡ್ಡವನು. ಏಳನೆಯ ದಿನ ಮನ್ಸೂರಾಕ್ಕೆ ಹೊರಟಾಗ ನಿಹಾಲ್ ಕಾರಿನ ಬಾಗಿಲು ಹಿಡಿದು ನನ್ನನ್ನು ನೋಡಿದಳು.

"ಪಾಚಿ ಅಂದ್ರಲ್ಲ ಫ್ರೇಜ್," ಅಂದಳು. ಅಷ್ಟೇ. ಬಾಗಿಲು ಎಳೆದುಕೊಂಡಳು.

ಅದರ ನಡುವೆ ಒಂದು ದಿನ ನಾನೊಬ್ಬನೇ ಉಮ್ ಹಮಾಮಕ್ಕೆ ಹೋಗಿದ್ದೆ. ಚಾಚಿದ ಬಂಡೆಯಡಿ ಕೋಲು ಹಾಕಿ ಎಳೆದಾಗ ಕಾಡುಮೇಕೆಯ ಮರಿಯೊಂದು ಬಂತು. ಉಬ್ಬಿ, ಕೂದಲು ಉದುರಿ, ಮುಟ್ಟಿದರೆ ಕೈಗೆ ಬರುವ ಹಾಗಿತ್ತು. ದೊಣೆ ಬರಿದು ಮಾಡಿ, ತಿಕ್ಕಿ ತೊಳೆದು, ಕುಡಿಯಬಾರದು ಅನ್ನುವ ಗುರುತಿಗೆ ಅಂಚಿನಲ್ಲಿ ಮೂರು ಕಲ್ಲು ಪೇರಿಸಿ ಬಂದೆ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವೇನು ಅನ್ನುತ್ತಾರೆ. ಫಲ ಇಲ್ಲದಿದ್ದರೂ ಚಿಂತೆ ಬಿಡುವುದಿಲ್ಲವಲ್ಲ.

ಊರಿನ ದಾರಿಗಾರರ ಹಿರಿಯ ಶೇಖ್ ಮುಸಲ್ಲಮ್ ತಮ್ಮ ಹಜಾರದಲ್ಲಿ ಪಂಚಾಯಿತಿ ಸೇರಿಸಿದರು. ದೂರು ಯಾರೂ ಕೊಟ್ಟಿರಲಿಲ್ಲ. ಆದರೆ ಬೆಟ್ಟದಲ್ಲಿ ಅತಿಥಿಗೆ ಏನಾದರೂ ಆದರೆ ಕೂತು ಕೇಳಲೇಬೇಕು. ಚಹಾ ಆಯಿತು, ಯೋಗಕ್ಷೇಮ ಆಯಿತು. ನೀರನ್ನು ಯಾರು ನೋಡಿದರು ಅಂತ ಶೇಖ್ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನನ್ನ ಕೈ ತಾನಾಗಿ ಮೂಗಿನ ಹತ್ತಿರ ಹೋಯಿತು. ಅಷ್ಟರಲ್ಲಿ ಮಾವ ಮಾತಾಡಿದರು.

"ನಾನು ನೋಡ್ದೆ. ನಾನು ಕುಡ್ದೆ. ಸಿಹಿ ಅಂದೋನು ನಾನು. ಅಳಿಯ ಹಿಂದೆ ಇದ್ದ, ಬೂಟು ಕಟ್ತಾ ಇದ್ದ. ಅವನಿಗೇನೂ ಗೊತ್ತಿಲ್ಲ."

ಯಾರೋ, ನಿನಗೆ ವಾಸನೆ ಬರಲಿಲ್ಲವಾ ಅತ್ವಾ ಅಂತ ಮೆಲ್ಲಗೆ ಕೇಳಿದರು. ಎರಡು ವರ್ಷದಿಂದ ನನ್ನ ಮೂಗಿಗೆ ಏನೂ ಬರುವುದಿಲ್ಲ ಅಂತ ಮಾವ ಅಷ್ಟೂ ಜನರ ಎದುರು ಹೇಳಿದರು. ನೆಲ ನೋಡಿಕೊಂಡು ಹೇಳಲಿಲ್ಲ, ತಲೆ ಎತ್ತಿಯೇ ಹೇಳಿದರು. ನಾನು ಪಕ್ಕದಲ್ಲಿ ಕೂತಿದ್ದೆ. ಇಲ್ಲ, ನನಗೆ ವಾಸನೆ ಬಂದಿತ್ತು, ಅವರು ನನ್ನನ್ನು ಕೇಳಿದರು, ನಾನು ಹೇಳಲಿಲ್ಲ, ಅಂತ ಬಾಯಿ ಬಿಟ್ಟರೆ ಸಾಕಿತ್ತು. ಗಂಟಲವರೆಗೂ ಬಂತು. ಚಹಾದ ಜೊತೆ ನುಂಗಿದೆ.

ಪಂಚಾಯಿತಿಯವರು ಮಾವನನ್ನು ಪಾಳಿಯಿಂದ ತೆಗೆದರು. ಇನ್ನು ಬೆಟ್ಟಕ್ಕೆ ಜನರನ್ನು ಕರೆದೊಯ್ಯುವಂತಿಲ್ಲ. ಶೇಖ್ ಕೆಟ್ಟವರಲ್ಲ. ಮನೆಯ ಪಾಳಿ ಮನೆಯಲ್ಲೇ ಇರಲಿ ಅಂತ ಅದನ್ನು ನನಗೆ ಕೊಟ್ಟರು.

ಮನೆಗೆ ಬರುವಾಗ ಮಾವ ಕೋಲೂರಿಕೊಂಡು ಮುಂದೆ, ನಾನು ಹಿಂದೆ. ನಮ್ಮ ಮನೆಯ ತೋಟದ ಗೋಡೆಯ ಹತ್ತಿರ ನಿಂತರು, ಕೂತರು. ನಾನು ಅವರ ಎದುರು ಮಣ್ಣಿನಲ್ಲಿ ಕೂತು, ಮಾವ ನಿಮಗೊಂದು ಮಾತು ಹೇಳಬೇಕು ಅಂದೆ. ಅವರು ಕೈ ಎತ್ತಿದರು.

"ಗೊತ್ತು. ನೀನು ಮುಂದೆ ಓಡೋದು, ಮೂಸೋದು, ನೆಪ ಹೇಳೋದು, ಎಲ್ಲಾ ಮೊದಲ ಸಲದಿಂದ್ಲೇ ಗೊತ್ತು. ನೆರಳಿಲ್ಲ ಅಂತೀಯಲ್ಲೋ, ಪಕ್ಕದಲ್ಲೇ ಅಷ್ಟು ದೊಡ್ಡ ಬಂಡೆ ಇಟ್ಕೊಂಡು. ನಾನು ಮೂಗು ಕಳ್ಕೊಂಡಿದ್ದೆ, ಕಣ್ಣಲ್ಲ."

ಅವರು ಮುಂದುವರಿಸಿದರು. ಆ ಹುಡುಗಿ ಎದುರಿಗೆ ಕಾದು ನಿಂತಿದ್ದಳು, ಬಟ್ಟಲು ಹಿಡಿದು ಎಷ್ಟು ಹೊತ್ತು ಸುಮ್ಮನೆ ಕೂರುವುದು, ಅದಕ್ಕೇ ಕುಡಿದೆ. ಆದರೆ ಸಿಹಿ ಅನ್ನಲಿಲ್ಲ, ನೀನು ಬರಲಿ ಅಂತ ಕಾದೆ, ಅಂದರು.

"ಕೇಳ್ದೆ ಕೂಡ ನಿನ್ನ. ಬಾಯಿ ಬಿಟ್ಟು ಕೇಳ್ದೆ. ನಿನ್ನ ಮೂಗನ್ನ ನಂಬಿದ್ದೆ ಕಣೋ ಫ್ರೇಜ್. ಬಾಯಿ ಕೈಕೊಡುತ್ತೆ ಅಂತ ಅಂದ್ಕೊಂಡಿರಲಿಲ್ಲ."

ತಾಮೆರ್ ಬಾಟಲಿ ಕೊಟ್ಟಾಗ ನೀನು ಕುಡಿಯಲಿಲ್ಲವಲ್ಲ, ಅದನ್ನೂ ನೋಡಿದೆ ಅಂದರು. ಆಗಲೇ ತಿಳಿಯಿತಂತೆ. ಆದರೆ ಸಿಹಿ ಅಂದಾಗಿತ್ತು. ಅಂದ ಮಾತನ್ನು ನುಂಗಿಕೊಳ್ಳಲು ಅವರಿಂದಲೂ ಆಗಲಿಲ್ಲ. ಅದಕ್ಕೇ ಹಜಾರದಲ್ಲಿ ಹಾಗೆ ಹೇಳಿದೆ, ಅದರಲ್ಲಿ ಸುಳ್ಳೇನಿಲ್ಲ, ಅಂದರು. ನಾನೀಗಲೇ ಹೋಗಿ ಶೇಖ್ ಅವರಿಗೆ ಎಲ್ಲ ಹೇಳಿಬರುತ್ತೇನೆ ಅಂದೆ. ಹೇಳಿದರೆ ನನ್ನ ಮಗಳ ಒಲೆ ಆರುತ್ತದೆ, ನಿನಗೆ ಬಿಟ್ಟದ್ದು, ಅಂದರು. ಬೇಡ ಅನ್ನಲಿಲ್ಲ. ಹೋಗು ಅಂತಲೂ ಅನ್ನಲಿಲ್ಲ. ನಿನಗೆ ಬಿಟ್ಟದ್ದು ಅಂದರು.

ಆಮೇಲೆ ಮಾವ ನಾಲ್ಕು ವರ್ಷ ಬದುಕಿದ್ದರು. ಬೆಟ್ಟಕ್ಕೆ ಕಾಲಿಡಲಿಲ್ಲ. ತೋಟದಲ್ಲಿ ಕೂತು ಹಗ್ಗ ಹೊಸೆದರು, ಮೊಮ್ಮಕ್ಕಳಿಗೆ ಒರತೆ ತೋಡುವುದು ಕಲಿಸಿದರು. ನಾನು ಅವರ ಪಾಳಿಯಲ್ಲಿ ಜನರನ್ನು ಕರೆದುಕೊಂಡು ಹೋದೆ, ಮೂರು ಗುಟುಕು ಕುಡಿದೆ, ಸಿಹಿ ಅಂದೆ. ಹಾಗಂದ ಮೇಲೂ ನಿಮ್ಮ ಪಂಪು ತೆಗೆದು ಒತ್ತಿಕೊಳ್ಳಿ, ಮಾತ್ರೆ ಹಾಕಿಕೊಳ್ಳಿ ಅಂತ ನಾನೇ ಹೇಳುತ್ತಿದ್ದೆ. ಜನ ನಗುತ್ತಿದ್ದರು. ಶೇಖ್ ಅವರ ಮನೆ ನಮ್ಮ ಮನೆಯಿಂದ ಒಂದು ಸಿಗರೇಟು ಸೇದಿ ಮುಗಿಸುವಷ್ಟು ದೂರ. ರಂಜಾನ್ ಮುಗಿಯಲಿ, ಏಪ್ರಿಲ್ ಕಳೆಯಲಿ, ಮಗಳ ಮದುವೆ ಆಗಲಿ, ಹೇಳಿದರಾಯಿತು ಅಂದುಕೊಂಡೆ. ನಾಲ್ಕು ವರ್ಷದಲ್ಲಿ ಮಾವ ಒಂದು ಸಲವೂ ಆ ವಿಷಯ ಎತ್ತಲಿಲ್ಲ. ಕೇಳಿದ್ದರೆ ಹೋಗುತ್ತಿದ್ದೆನೋ ಏನೋ.

ಕಳೆದ ಚಳಿಗಾಲದಲ್ಲಿ ಮಾವನನ್ನು ಮಣ್ಣು ಮಾಡಿದೆವು. ಎಲ್ಲ ಮುಗಿದ ಮೇಲೆ ಶೇಖ್ ಮುಸಲ್ಲಮ್ ನನ್ನ ಹೆಗಲ ಮೇಲೆ ಕೈಯಿಟ್ಟರು. ಕಣ್ಣು ಒದ್ದೆಯಾಗಿತ್ತು ಅವರದ್ದು.

"ಚಿನ್ನದಂಥ ಮನುಷ್ಯ ನಿಮ್ಮಾವ," ಅಂದರು. "ಐವತ್ತು ವರ್ಷ ಬೆಟ್ಟ ಸುತ್ತಿದ. ಅದೊಂದು ತಪ್ಪು ಬಿಟ್ರೆ ಇನ್ನೊಂದು ತಪ್ಪು ಮಾಡ್ಲಿಲ್ಲ."

"ಹೌದು," ಅಂದೆ.